ರೂಟರಿನ ಒಳಬಾಗಿಲು

ಜಿನನಾಥಪುರದ ಒಂದು ಮನೆಯ ವೈ-ಫೈ ರೂಟರಿಗೂ ಹಾಸನದ ಮತ್ತೊಂದು ಮನೆಯ ರೂಟರಿಗೂ 192.168.1.1 ಎಂಬ ಒಂದೇ ವಿಳಾಸವಿರಬಹುದು. ಇದರಿಂದ ಗೊಂದಲವಾಗದೆ? ಆಗದು. ‘ನಡುಮನೆ’ ಎಂದರೆ ನಮಗೆಲ್ಲರಿಗೂ ತಂತಮ್ಮ ಮನೆಯದೇ ಅಲ್ಲವೆ? ಹಾಗೆಯೇ 192.168 ಎಂದು ಮೊದಲಾಗುವ ವಿಳಾಸಗಳು ಒಳಬಳಕೆಗೆಂದೇ ಮೀಸಲು. ಹೊರಗಣ ಅಂತರಜಾಲದಲ್ಲಿ ಅವು ಸಲ್ಲವು. ಆದುದರಿಂದ ವೈ-ಫೈಗೆ ಸೇರಿದ ಫೋನಿನ ಬ್ರೌಸರಿನಲ್ಲಿ ಇದನ್ನು ಬರೆದರೆ, ಅಂತರಜಾಲ ಕಡಿದಿದ್ದಾಗಲೂ ರೂಟರಿನ ಪ್ರವೇಶಪುಟವು ತೆರೆಯುತ್ತದೆ. ಅಲ್ಲಿ ಕೇಳುವುದು ವೈ-ಫೈ ಪಾಸ್‌ವರ್ಡನ್ನಲ್ಲ, ರೂಟರಿನದೇ ಬೇರೊಂದನ್ನು. ಸಾಮಾನ್ಯವಾಗಿ ಅದು, ವಿಳಾಸದೊಡನೆ, ರೂಟರಿನ ತಳದ ಚೀಟಿಯಲ್ಲಿರುತ್ತದೆ.

ಆದರೆ ರೂಟರಿಗೆ ಹೊರಮುಖವೂ ಒಂದುಂಟು. 2016ರಲ್ಲಿ ‘ಮಿರಾಯ್’ ಎಂಬ ದುಷ್ಟ ಪ್ರೋಗ್ರಾಂ, ತಯಾರಕರಿಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಆ ಕಡೆಯಿಂದ ಪರೀಕ್ಷಿಸಿ, ಲಕ್ಷಾಂತರ ಕ್ಯಾಮೆರಾ, ರೂಟರು ಮುಂತಾದುವನ್ನು ವಶಮಾಡಿಕೊಂಡಿತು. ಒಳಹೊಕ್ಕೊಡನೆ ನಾವು ಆ ಪಾಸ್‌ವರ್ಡನ್ನು ಬದಲಾಯಿಸತಕ್ಕದ್ದು ಇದಕ್ಕಾಗಿಯೇ.