ಕೋಲು ಕೈಬದಲಾಗುವ ಕ್ಷಣ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ಒಬ್ಬೊಬ್ಬ ಓಟಗಾರನನ್ನು ಆರಿಸಿ ರಿಲೇ ತಂಡ ಕಟ್ಟಿದೆವೆನ್ನೋಣ. ನಾಲ್ವರೂ ಬೇರೆಬೇರೆಯಾಗಿ 100 ಮೀಟರು ಓಡಿದ ಕಾಲಗಳ ಮೊತ್ತಕ್ಕಿಂತ ತಂಡದ ಕಾಲ ಕಡಿಮೆಯಾಗಬಲ್ಲದು! ಕಾರಣವೇನು? ಮೊದಲಿಗನು ಮಾತ್ರ ನಿಶ್ಚಲಸ್ಥಿತಿಯಿಂದ ಹೊರಡುತ್ತಾನೆ. ಮಿಕ್ಕ ಮೂವರು ವೇಗ ಗಳಿಸಿಕೊಂಡೇ ಕೋಲನ್ನು ಪಡೆಯುತ್ತಾರೆ. ಆದರೆ ಗೊತ್ತುಪಡಿಸಿದ ವಲಯದೊಳಗೆ ಕೋಲು ಕೈಬದಲಾಗದಿದ್ದರೆ ಇಡೀ ತಂಡವೇ ಅನರ್ಹ.

1940ರಲ್ಲಿ ಕೋಲಾರದಲ್ಲಿ ಜನಿಸಿದ ಕೆನೆತ್ ಪೊವೆಲ್ ಈ ವಿದ್ಯೆಯಲ್ಲಿ ಪಳಗಿದವರು. 1964ರ ಟೋಕಿಯೋ ಒಲಿಂಪಿಕ್ಸಿನಲ್ಲಿ, ಒಬ್ಬರೇ ಓಡಿದ 100 ಮೀಟರಿನಲ್ಲಿ ಅವರು ಮೊದಲ ಸುತ್ತನ್ನು ದಾಟಲಿಲ್ಲ. ಅವರಿದ್ದ ರಿಲೇ ತಂಡವಾದರೋ ಉಪಾಂತ್ಯವನ್ನು ಮುಟ್ಟಿತು. 1965ರಲ್ಲಿ ಅರ್ಜುನ ಪ್ರಶಸ್ತಿ. 1970ರಲ್ಲಿ, ಮೂವತ್ತರ ವಯಸ್ಸಿನಲ್ಲಿ, ಬ್ಯಾಂಕಾಕಿನ ಏಷ್ಯನ್ ಕ್ರೀಡಾಕೂಟದ ರಿಲೇಯಲ್ಲಿ ಕಂಚು. 2022ರಲ್ಲಿ ಅವರು ನಿಧನರಾದರು. ಒಬ್ಬೊಬ್ಬರ ವೇಗಕ್ಕಿಂತ ನಾಲ್ವರ ಹೊಂದಾಣಿಕೆ ದೊಡ್ಡದೆಂಬುದನ್ನು ನಾವು ಅವರ ಓಟದಿಂದ ಅರಿಯಬಹುದು.