ಊರೂರು ಅಲೆದ ಶಾಲೆಯ ಮಕ್ಕಳು

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು—ಇಂದಿನ ಹಾವೇರಿ ಜಿಲ್ಲೆಯ ಈ ತಾಲೂಕುಗಳು ಮಲೆನಾಡಿನ ಸೆರಗು ಬಯಲುನಾಡಿನ ಅಂಚನ್ನು ಸೋಕುವ ಸೀಮೆ. ಒಂದು ಕಡೆಗೆ ಕೆರೆಯ ಕೆಳಗಿನ ಬತ್ತದ ಗದ್ದೆಗಳು. ಇನ್ನೊಂದು ಕಡೆಗೆ ಜೋಳ ಹತ್ತಿಗಳ ಹೊಲಗಳು. ಈ ನೆಲಕ್ಕೆ ಮಾತಿಗಿಂತ ಹಾಡೇ ಹೆಚ್ಚು ಒಗ್ಗಿದಂತೆ ತೋರುತ್ತದೆ. ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಕನಕದಾಸರು ಹುಟ್ಟಿದರು. ಅದೇ ತಾಲೂಕಿನ ಶಿಶುನಾಳದಲ್ಲಿ ಷರೀಫ ಸಾಹೇಬರು ತತ್ತ್ವಪದಗಳನ್ನು ಹಾಡಿ ಹೋದರು. ಹಿರೇಕೆರೂರು ಸೀಮೆಯ ಅಬಲೂರು ಸರ್ವಜ್ಞನ ಹೆಸರಿನೊಡನೆ ಬೆಸೆದುಕೊಂಡಿದೆ. ಸವಣೂರು 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರಿಗೆ ಜನ್ಮಭೂಮಿಯಾಯಿತು. ಹಾನಗಲ್ಲ ನಾಡಿಗೆ ಕೊಟ್ಟುದು ಒಂದು ಶಾಲೆಯನ್ನು.

ಆದರೆ ಆ ಶಾಲೆಯನ್ನು ಹುಡುಕಿಕೊಂಡು ಹಾನಗಲ್ಲಿಗೆ ಹೋದವರಿಗೆ ಅದು ಅಲ್ಲಿ ಸಿಕ್ಕದು. ಅದು ಈಗ ನೆಲೆಸಿರುವುದು ಗದಗಿನಲ್ಲಿ. ಹುಟ್ಟಿದಾಗಲಂತೂ ಅದಕ್ಕೆ ಯಾವ ಊರೂ ಇರಲಿಲ್ಲ, ಗೋಡೆಯಿರಲಿಲ್ಲ, ಮಾಡಿರಲಿಲ್ಲ. ಗುರುವಿಗೆ ಕಣ್ಣಿರಲಿಲ್ಲ, ಶಿಷ್ಯರಲ್ಲಿ ಅನೇಕರಿಗೂ ಇರಲಿಲ್ಲ. ಅಂಥ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು ಭಾರತ ಸರಕಾರವು ಮತ್ತೆ ಮತ್ತೆ ಪದ್ಮ ಪ್ರಶಸ್ತಿಗಳಿಂದ ಗೌರವಿಸಿದೆಯೆಂದರೆ, ಅದರ ಕಥೆಯನ್ನು ಬುಡದಿಂದಲೇ ಕೇಳಬೇಕಾಗುತ್ತದೆ.

ಕಾಡಶೆಟ್ಟಿಹಳ್ಳಿಯ ಕೂಸು

ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯ ಬಡ ಮನೆತನವೊಂದರಲ್ಲಿ 1892ರಲ್ಲಿ ಗದಿಗೆಯ್ಯ ಎಂಬ ಮಗು ಹುಟ್ಟಿತು. ಹುಟ್ಟಿನಿಂದಲೇ ಕಣ್ಣಿಲ್ಲ. ಒಡಹುಟ್ಟಿದ ಗುರುಬಸವಯ್ಯನಿಗೂ ಅದೇ ಗತಿ. ಒಂದು ಮನೆಯಲ್ಲಿ ಇಬ್ಬರು ಅಂಧ ಗಂಡುಮಕ್ಕಳು! ತಾಯಿತಂದೆಗಳ ಚಿಂತೆ ಎಷ್ಟಿದ್ದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾಲದಲ್ಲಿ ಕುರುಡ ಹುಡುಗನ ಮುಂದೆ ಇದ್ದ ದಾರಿಗಳು ಎರಡೇ: ಹೆತ್ತವರು ಇರುವಷ್ಟು ದಿನ ಅವರ ಅನ್ನ, ಅನಂತರ ಊರವರ ಭಿಕ್ಷೆ.

ಇವರ ಪಾಲಿಗೆ ಮೂರನೆಯ ದಾರಿಯೊಂದನ್ನು ತೆರೆದವರು ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು. 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಕಟ್ಟಿದ ಈ ಮಹನೀಯರು ಹುಡುಗರ ಕಂಠವನ್ನು ಕೇಳಿ ಮೆಚ್ಚಿದರು. ‘ಪಾಪ’ ಎಂದು ಮರುಗಿ ಎರಡು ಕಾಸು ಕೊಟ್ಟು ಕಳಿಸುವುದು ಸುಲಭವಾಗಿತ್ತು. ಸ್ವಾಮಿಗಳು ಹಾಗೆ ಮಾಡದೆ ಅವರ ವಿದ್ಯೆಯ ಭಾರವನ್ನೇ ಹೊತ್ತರು. ಗದಿಗೆಯ್ಯ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನು ಕಲಿತರು. ಮುಂದೆ ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ವಹೀದ್ ಖಾನರಿಂದ ಹಿಂದುಸ್ತಾನಿ ಗಾಯಕಿಯ ಶಿಕ್ಷಣ ದೊರೆಯಿತು. ಲಿಂಗಾಯತ ಮಠವೊಂದರ ಆಶ್ರಯದಲ್ಲಿ ಬೆಳೆದ ಹಳ್ಳಿಯ ಹುಡುಗ, ಮುಸಲ್ಮಾನ ಉಸ್ತಾದರಿಂದ ಪಡೆದ ವಿದ್ಯೆಯಿಂದ ಪಂಚಾಕ್ಷರಿ ಗವಾಯಿಗಳಾದರು. ದಕ್ಷಿಣಾದಿ, ಉತ್ತರಾದಿ ಎರಡೂ ಪದ್ಧತಿಗಳು ಒಂದೇ ಕಂಠದಲ್ಲಿ ನೆಲೆಯೂರಿದುದು ಅಪೂರ್ವವೇ ಸರಿ.

ಗೋಡೆಯಿಲ್ಲದ ಪಾಠಶಾಲೆ

ವಿದ್ಯೆ ಕೈಗೂಡಿದ ಮೇಲೆ ಗವಾಯಿಗಳು ದರಬಾರುಗಳನ್ನು ಅರಸಿ ಹೊರಡಲಿಲ್ಲ. ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳನ್ನೂ, ಕಣ್ಣಿದ್ದೂ ಅನ್ನವಿಲ್ಲದ ಬಡ ಮಕ್ಕಳನ್ನೂ ಸುತ್ತ ಸೇರಿಸಿಕೊಂಡು ಸಂಚಾರಿ ಸಂಗೀತ ಪಾಠಶಾಲೆಯನ್ನು ನಡೆಸಿದರು. ಹೆಸರೇ ಹೇಳುವಂತೆ ಶಾಲೆಯೇ ಊರೂರು ತಿರುಗುತ್ತಿತ್ತು. ತಂಬೂರಿ, ತಬಲಾ, ಪೆಟ್ಟಿಗೆ, ಮಕ್ಕಳು—ಇವೇ ಅದರ ಆಸ್ತಿ. ಊರವರ ದಾಸೋಹ ನಡೆಯುವಷ್ಟು ದಿನ ಅಲ್ಲಿ ಪಾಠ. ಅನಂತರ ಮುಂದಿನ ಊರು.

ಪಾಠಕ್ಕೆ ಪುಸ್ತಕವೆಂಬುದಿರಲಿಲ್ಲ. ಗುರುಗಳು ಹಾಡಿದುದನ್ನು ಶಿಷ್ಯನು ಕಿವಿಯಿಂದ ಕುಡಿದು ಕಂಠದಿಂದ ಒಪ್ಪಿಸಬೇಕು. ಒಂದು ಸ್ವರ ತನ್ನ ಸ್ಥಾನದಲ್ಲಿ ನಿಲ್ಲುವವರೆಗೆ ಮುಂದಿನ ಸ್ವರದ ಮಾತಿಲ್ಲ. ತಬಲೆಯ ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿಸಿ, ಆಮೇಲೆ ಬೆರಳಿಗೆ ಇಳಿಸುವುದು. ಕಣ್ಣಿದ್ದವನು ಗುರುವಿನ ಮುಖ ನೋಡಿ ತನ್ನ ತಪ್ಪನ್ನು ತಿಳಿದಾನು. ಇಲ್ಲಿ ಗುರುವಿಗೂ ಶಿಷ್ಯನಿಗೂ ನಡುವೆ ಇದ್ದುದು ನಾದವೊಂದೇ. ಆದುದರಿಂದಲೇ ಈ ಶಾಲೆಯ ಮಕ್ಕಳ ಶ್ರುತಿ ಅಷ್ಟು ಶುದ್ಧವಾಯಿತೆಂದರೆ ತಪ್ಪಾಗಲಾರದು.

1930ರಲ್ಲಿ ಕುಮಾರ ಸ್ವಾಮಿಗಳು ಲಿಂಗೈಕ್ಯರಾದರು. ಆಶ್ರಯದ ಮರವೇ ಉರುಳಿದಂತಾಯಿತು. ಬರಗಾಲದ ದಿನಗಳಲ್ಲಿ ಇಷ್ಟೊಂದು ಮಕ್ಕಳಿಗೆ ಯಾರು ಉಣಬಡಿಸಬೇಕು? ಶಾಲೆಯನ್ನು ಮುಚ್ಚಿ ಮಕ್ಕಳನ್ನು ಅವರವರ ಊರಿಗೆ ಕಳಿಸಿದ್ದರೆ ಗವಾಯಿಗಳನ್ನು ಯಾರೂ ದೂರುತ್ತಿರಲಿಲ್ಲ. ಅವರು ಕಳಿಸಲಿಲ್ಲ. ಬದಲಾಗಿ ನಾಟಕ ಮಂಡಳಿಯನ್ನು ಕಟ್ಟಿ, ಅದರ ಗಳಿಕೆಯಿಂದ ಮಕ್ಕಳ ಹೊಟ್ಟೆ ಹೊರೆದರು. ಕೊನೆಗೆ ಗದಗಿನಲ್ಲಿ ನೆಲೆ ದೊರೆತು, ಅಲೆಮಾರಿ ಶಾಲೆ ವೀರೇಶ್ವರ ಪುಣ್ಯಾಶ್ರಮವಾಯಿತು. ಆದರೆ ಆ ನೆಲೆಯ ಸುಖವನ್ನು ಗುರುಗಳು ಬಹುಕಾಲ ಕಾಣಲಿಲ್ಲ. 1944ರ ಜೂನ್‌ನಲ್ಲಿ ಅವರು ತೀರಿಕೊಂಡರು.

ಶಿಷ್ಯನೇ ಗುರುವಾದಾಗ

ಆಗ ಆಶ್ರಮದ ಹೊಣೆಯನ್ನು ಹೊತ್ತವರು ಮೂವತ್ತು ವರ್ಷದ ಇನ್ನೊಬ್ಬ ಅಂಧರು, ಪುಟ್ಟರಾಜ ಗವಾಯಿಗಳು. ಇದೇ ಹಾವೇರಿ ಸೀಮೆಯ ದೇವಗಿರಿಯಲ್ಲಿ 1914ರ ಮಾರ್ಚ್ 3ರಂದು ಹುಟ್ಟಿದ ಇವರು ಕೂಸಾಗಿದ್ದಾಗಲೇ ದೃಷ್ಟಿಯನ್ನು ಕಳೆದುಕೊಂಡರು. ಬಾಲ್ಯದಲ್ಲಿಯೇ ತಾಯಿತಂದೆಗಳನ್ನೂ ಕಳೆದುಕೊಂಡರು. ಸಾಕಿದವರು ಸೋದರಮಾವ. ಮಾವನ ಹಾರ್ಮೋನಿಯಂ ಮೇಲೆ ಅಳಿಯನ ಬೆರಳಾಡುವುದನ್ನು ಕಂಡು, ಅವರೇ ಹುಡುಗನನ್ನು ಪಂಚಾಕ್ಷರಿ ಗವಾಯಿಗಳ ಮಡಿಲಿಗೆ ಹಾಕಿದರು.

ಮುಂದಿನದು ಒಂದು ಬಾಳಿನಲ್ಲಿ ನಡೆಯಿತೇ ಎಂದು ಬೆರಗಾಗುವಂಥ ಕೆಲಸ. ಗಾಯನದೊಂದಿಗೆ ಹಾರ್ಮೋನಿಯಂ, ತಬಲಾ, ಪಿಟೀಲು ಮೊದಲಾದ ಅನೇಕ ವಾದ್ಯಗಳು ಅವರಿಗೆ ಕರತಲಾಮಲಕವಾದುವು. ಕನ್ನಡ, ಸಂಸ್ಕೃತ, ಹಿಂದಿ—ಮೂರು ಭಾಷೆಗಳಲ್ಲಿ ಗ್ರಂಥಗಳನ್ನು ರಚಿಸಿದರು. ಆಶ್ರಮದ ಮಂಡಳಿಗಾಗಿ ನಾಟಕಗಳನ್ನು ಬರೆದರು. ಭಕ್ತರು ಅವರನ್ನು ತಕ್ಕಡಿಯಲ್ಲಿ ಕೂರಿಸಿ ನಾಣ್ಯಗಳಿಂದ ತುಲಾಭಾರ ಮಾಡಿದರೆ, ಆ ಹಣ ಹೋಗುತ್ತಿದ್ದುದು ಆಶ್ರಮದ ಮಕ್ಕಳಿಗಾಗಿ. ಜಾತಿ ಮತಗಳನ್ನು ಕೇಳದೆ ಬಂದವರಿಗೆ ಅನ್ನ ವಿದ್ಯೆಗಳನ್ನು ಕೊಡುವ ಈ ವ್ರತವನ್ನು ಅವರು 66 ವರ್ಷ ನಡೆಸಿದರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಅದೇ ವರ್ಷ ಸಪ್ಟಂಬರ್ 17ರಂದು ‘ಪುಟ್ಟಜ್ಜ’ ತೀರಿಕೊಂಡಾಗ ಗದಗಿಗೆ ಹರಿದು ಬಂದ ಜನಸಾಗರಕ್ಕೆ ಲೆಕ್ಕವಿರಲಿಲ್ಲ.

ನಾಡು ಬೆಳಗಿದವರು

ಈ ಶಾಲೆಯ ಮಕ್ಕಳಲ್ಲಿ ಹಿರಿಯ ಹೆಸರು ಬಸವರಾಜ ರಾಜಗುರು ಅವರದು. ಧಾರವಾಡ ಜಿಲ್ಲೆಯ ಯಲಿವಾಳದ ಈ ಬಾಲಕನ ಕಂಠವನ್ನು ಗುರುತಿಸಿ ಕರೆದೊಯ್ದವರು ಪಂಚಾಕ್ಷರಿ ಗವಾಯಿಗಳೇ. ವಿಜಯನಗರ ಸ್ಥಾಪನೆಯ ಆರುನೂರನೆಯ ವರ್ಷದ ಉತ್ಸವ 1936ರಲ್ಲಿ ಹಂಪೆಯಲ್ಲಿ ಜರುಗಿದಾಗ ರಾಜಗುರುಗಳು ಮೊದಲ ಬಾರಿಗೆ ದೊಡ್ಡ ಸಭೆಯ ಮುಂದೆ ಹಾಡಿದರು. ತಬಲಾ ಸಾಥಿಗೆ ಕುಳಿತವರು ಯಾರು? ಸ್ವತಃ ಗುರುಗಳು! ಶಿಷ್ಯನ ಹಾಡಿಗೆ ಗುರುವೇ ಠೇಕಾ ಹಿಡಿದ ಆ ಗಳಿಗೆಗಿಂತ ದೊಡ್ಡ ಪ್ರಶಸ್ತಿ ಬೇರೆ ಉಂಟೇ? ಆದರೂ ಪ್ರಶಸ್ತಿಗಳು ಬಂದುವು: 1975ರಲ್ಲಿ ಪದ್ಮಶ್ರೀ, 1991ರಲ್ಲಿ ಪದ್ಮಭೂಷಣ. ಖಯಾಲು, ಠುಮ್ರಿ, ನಾಟ್ಯಗೀತ, ವಚನ—ಯಾವುದನ್ನು ಮುಟ್ಟಿದರೂ ಅವರದು ಸುಲಲಿತ ಗಾನ. 1991ರಲ್ಲಿ ಅವರು ಅಗಲಿದರೂ, ಶಿಷ್ಯರಾದ ಗಣಪತಿ ಭಟ್ ಹಾಸಣಗಿ, ಪರಮೇಶ್ವರ ಹೆಗಡೆ ಮೊದಲಾದವರಲ್ಲಿ ಆ ಪರಂಪರೆ ಮುಂದುವರಿದಿದೆ. ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರೂ ಪಂಚಾಕ್ಷರಿ ಗವಾಯಿಗಳ ಶಿಷ್ಯರೇ. ವಚನಗಾಯನದಲ್ಲಿ ಅವರ ಹೆಸರು ಮನೆಮಾತಾಯಿತು.

ಮುಂದಿನ ತಲೆಮಾರಿನ ಕೀರ್ತಿ ವೆಂಕಟೇಶ ಕುಮಾರ ಅವರದು. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಜನಪದ ಕಲಾವಿದರೊಬ್ಬರ ಮಗನಾಗಿ ಹುಟ್ಟಿದ ಇವರನ್ನು ಆಶ್ರಮಕ್ಕೆ ಸೇರಿಸಿದವರು ಸೋದರಮಾವ, ತೊಗಲುಗೊಂಬೆಯಾಟದ ಹೆಸರಾಂತ ಕಲಾವಿದ ಬೆಳಗಲ್ಲು ವೀರಣ್ಣನವರು. ಹನ್ನೊಂದು ಹನ್ನೆರಡು ವರ್ಷ ಪುಟ್ಟರಾಜರ ಬಳಿ ಸಾಧನೆ. ಅನಂತರ ಧಾರವಾಡದ ಸಂಗೀತ ಮಹಾವಿದ್ಯಾಲಯದಲ್ಲಿ ಮೂರು ದಶಕಗಳಿಗೂ ಮಿಕ್ಕಿ ಅಧ್ಯಾಪಕ ವೃತ್ತಿ. ನಾಡಿನಾಚೆಯ ಖ್ಯಾತಿ ಅವಸರದಿಂದ ಬರಲಿಲ್ಲ. 1993ರಲ್ಲಿ ಪುಣೆಯ ಸವಾಯಿ ಗಂಧರ್ವ ಉತ್ಸವದಲ್ಲಿ ಹಾಡುವಾಗ ಅವರಿಗೆ ನಾಲ್ವತ್ತು ವರ್ಷ. 2016ರಲ್ಲಿ ಪದ್ಮಶ್ರೀ ದೊರೆಯಿತು. ಇಂದು ಅವರ ಹಾಡಿಕೆಯನ್ನು ಕೇಳಲು ಕಲಕತ್ತೆ ಮುಂಬಯಿಗಳ ರಸಿಕರೂ ಕಾದು ಕೂರುತ್ತಾರೆ.

ಪಂಚಾಕ್ಷರಿ ಗವಾಯಿಗಳ ಬಾಳು 1995ರಲ್ಲಿ ಚಲನಚಿತ್ರವಾಗಿಯೂ ಜನರ ಮುಂದೆ ಬಂದಿತು. ಹಂಸಲೇಖರ ಸಂಗೀತಕ್ಕೂ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರ ಗಾಯನಕ್ಕೂ ಅದು ರಾಷ್ಟ್ರಪ್ರಶಸ್ತಿಗಳನ್ನು ತಂದುಕೊಟ್ಟಿತು.

ಹೆಸರಿಲ್ಲದ ಗೆಲುವು

ರಾಜಗುರು, ಜಂಬಲದಿನ್ನಿ, ವೆಂಕಟೇಶ ಕುಮಾರ—ಇವರು ಕಣ್ಣುಳ್ಳವರು. ಕಣ್ಣುಳ್ಳವರು ಕಣ್ಣಿಲ್ಲದವರ ಕೈಹಿಡಿದು ನಡೆಸುವುದು ಲೋಕರೂಢಿ. ಈ ಶಾಲೆಯಲ್ಲಿ ಕಣ್ಣಿಲ್ಲದ ಗುರುಗಳು ಕಣ್ಣುಳ್ಳವರಿಗೆ ದಾರಿ ತೋರಿಸಿದರು. ಲೋಕದ ಲೆಕ್ಕ ತಲೆಕೆಳಗಾದುದು ಇಲ್ಲಿ.

ಆದರೂ ಪದ್ಮ ಪ್ರಶಸ್ತಿಗಳನ್ನಷ್ಟೇ ಎಣಿಸಿದರೆ ಈ ಶಾಲೆಯನ್ನು ಅರ್ಧ ಅಳೆದಂತಾಗುತ್ತದೆ. ಉತ್ತರ ಕರ್ನಾಟಕದ ಯಾವ ಊರಿನಲ್ಲಿ ಶ್ರಾವಣದ ಪುರಾಣ ನಡೆದರೂ, ಶಾಸ್ತ್ರಿಗಳ ಪಕ್ಕದಲ್ಲಿ ಹಾರ್ಮೋನಿಯಂ ನುಡಿಸುವವರನ್ನೂ ತಬಲಾ ಬಾರಿಸುವವರನ್ನೂ ‘ಎಲ್ಲಿ ಕಲಿತಿರಿ?’ ಎಂದು ಕೇಳಿದರೆ, ‘ಗದಗಿನ ಆಶ್ರಮದಲ್ಲಿ’ ಎಂಬ ಉತ್ತರ ಎಷ್ಟೋ ಸಲ ಬರುತ್ತದೆ. ಶಾಲೆಯ ಸಂಗೀತ ಶಿಕ್ಷಕರಾಗಿ, ಕೀರ್ತನಕಾರರಾಗಿ, ನಾಟಕದ ಪೆಟ್ಟಿಗೆ ಮಾಸ್ತರರಾಗಿ ದುಡಿದು ಉಣ್ಣುತ್ತಿರುವ ಇವರ ಹೆಸರು ಪತ್ರಿಕೆಗಳಲ್ಲಿ ಬರುವುದಿಲ್ಲ. ಅವರಲ್ಲಿ ಎಷ್ಟೋ ಮಂದಿಗೆ ದೃಷ್ಟಿಯಿಲ್ಲ. ಮನೆಯಲ್ಲಿ ‘ಇವನ ಗತಿಯೇನು?’ ಎಂದು ನಿಟ್ಟುಸಿರಿಟ್ಟಿದ್ದ ತಾಯಿ, ಮಗನ ಸಂಪಾದನೆಯ ಅಕ್ಕಿಯಿಂದ ಅನ್ನ ಮಾಡಿದ ದಿನ ಈ ಶಾಲೆಯ ನಿಜವಾದ ಪ್ರಶಸ್ತಿ ಪ್ರದಾನ ನಡೆದಿರುತ್ತದೆ.

ಕಾಡಶೆಟ್ಟಿಹಳ್ಳಿಯ ಅಂಧ ಬಾಲಕನಿಗೆ ಹಾನಗಲ್ಲ ಸ್ವಾಮಿಗಳು ಭಿಕ್ಷೆಯ ಬದಲು ವಿದ್ಯೆಯನ್ನು ಕೊಟ್ಟರು. ಅದು ಇನ್ನೂ ಕೈಯಿಂದ ಕೈಗೆ ದಾಟುತ್ತಿದೆ.