ಗಿರಣಿ ಬೂದಿ ಗಾಳಿಗೆ, ಹೊಲದ ಮಣ್ಣು ಭಟ್ಟಿಗೆ!

ಗಂಗಾವತಿಯಿಂದ ಕಾರಟಗಿ ಮೇಲೆ ಸಿಂಧನೂರಿಗೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಎರಡು ನೋಟ ಹೊಸದಲ್ಲ. ಒಂದು, ರೈಸ್ ಮಿಲ್ಲಿನ ಹಿಂದೆ ಬಿದ್ದ ಕರೀ ಬೂದಿಯ ಗುಡ್ಡೆ. ಇನ್ನೊಂದು, ಮಣ್ಣು ತುಂಬಿಕೊಂಡು ಇಟ್ಟಂಗಿ ಭಟ್ಟಿ ಕಡೆ ಹೊರಟ ಟ್ರ್ಯಾಕ್ಟರು. ಬೂದಿ ಯಾರಿಗೂ ಬೇಡ. ಮಣ್ಣು ಎಲ್ಲರಿಗೂ ಬೇಕು. ಬೇಡವಾದದ್ದನ್ನು ಬೇಕಾದದ್ದರ ಜೊತೆ ಒಂದಿಷ್ಟು ಬೆರೆಸಿದರೆ ಎರಡೂ ತಾಪತ್ರಯ ಕಡಿಮೆಯಾದೀತು ಎನ್ನುವುದು ತಿಳಿದವರ ಮಾತು. ಆದರೆ ಬೆರೆಸುವವರು ಯಾರು? ಎಷ್ಟು ಬೆರೆಸಬೇಕು? ಹಾಗೆ ಮಾಡಿದ ಇಟ್ಟಿಗೆ ಗಟ್ಟಿಯೋ ಟೊಳ್ಳೋ?

ಲೆಕ್ಕ ನೋಡಿ

1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಆದ ಮೇಲೆ ಎಡದಂಡೆ ಕಾಲುವೆಯ ನೀರು ಬಂತು, ಭತ್ತ ಬಂತು. ಭತ್ತದ ಹಿಂದೆಯೇ ಗಿರಣಿ ಬಂದವು. ಗಿರಣಿ ಇದ್ದ ಮೇಲೆ ಹೊಟ್ಟು ಇದ್ದದ್ದೇ. ನೂರು ಕಿಲೋ ಭತ್ತ ಕುಟ್ಟಿಸಿದರೆ ಸುಮಾರು 20 ಕಿಲೋ ಹೊಟ್ಟು. ಆ ಹೊಟ್ಟನ್ನು ಸುಟ್ಟರೆ ಐದರಲ್ಲಿ ಒಂದು ಪಾಲು, ಅಂದರೆ ನಾಲ್ಕು ಕಿಲೋ ಬೂದಿ. ಹತ್ತು ಟನ್ನಿನ ಒಂದು ಲಾರಿ ಭತ್ತಕ್ಕೆ ನಾಲ್ಕು ಕ್ವಿಂಟಾಲ್ ಬೂದಿ ಆಯಿತಲ್ಲ! ಕಟ್ಟಿಗೆ ಸುಟ್ಟರೆ ಇಷ್ಟು ಬೂದಿ ಉಳಿಯುವುದಿಲ್ಲ.

ಕುಸುಬಲಕ್ಕಿ ಮಾಡುವ ಗಿರಣಿಗಳಿಗೆ ಹಬೆ ಬೇಕು. ಬಾಯ್ಲರಿಗೆ ಹೊಟ್ಟೇ ಉರುವಲು, ಪುಕ್ಕಟೆ ಸಿಗುವಂಥಾದ್ದು. ಹೊಟ್ಟಿನಿಂದ ಕರೆಂಟು ತೆಗೆಯುವ ಘಟಕಗಳೂ ಇವೆ. ಉರಿದ ಮೇಲೆ ಉಳಿದದ್ದನ್ನು ಹಾಕುವುದೆಲ್ಲಿ? ಬೂದಿ ತೂಕದಲ್ಲಿ ಹಗುರ, ಜಾಗ ತಿನ್ನುವುದರಲ್ಲಿ ಭಾರಿ. ಗಾಳಿ ಎದ್ದರೆ ಸ್ಕೂಟರಿನವರ ಕಣ್ಣಿಗೆ, ಒಣಗಹಾಕಿದ ಬಟ್ಟೆಗೆ, ಅಂಗಡಿಯ ಗಲ್ಲಾಪೆಟ್ಟಿಗೆಗೆ. ಬೆಳಿಗ್ಗೆ ಒರೆಸಿದ ಕಪಾಟಿನ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು!

ಇದು ಬರೀ ಕೊಳೆಯ ಮಾತಲ್ಲ. ಈ ಬೂದಿಯಲ್ಲಿ ನೂರಕ್ಕೆ 85ರಿಂದ 95 ಪಾಲು ಸಿಲಿಕಾ, ಅಂದರೆ ಮರಳಿನ ಜಾತಿಯ ವಸ್ತು. ಅತಿ ಶಾಖದಲ್ಲಿ ಸುಟ್ಟರೆ ಅದು ಹರಳುಗಟ್ಟುತ್ತದೆ. ಹರಳು ಸಿಲಿಕಾದ ನುಣುಪು ಧೂಳನ್ನು ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಕಾಯಿಲೆ ಬರುತ್ತದೆ. ಮೊದಲ ಪಾಲು ಬೂದಿ ಎತ್ತಿಹಾಕುವ ಹಮಾಲನದು. ಮೂಗಿಗೆ ಟವೆಲ್ಲು ಕಟ್ಟಿಕೊಂಡರೆ ಸಾಲದು.

ಇತ್ತ ಮಣ್ಣಿನ ಕತೆ

ನಮ್ಮ ಕಡೆ ನಾಡ ಇಟ್ಟಿಗೆ ಒಂದು ಸುಮಾರು ಮೂರು ಕಿಲೋ ತೂಗುತ್ತದೆ. ಸಾವಿರ ಇಟ್ಟಿಗೆ ಅಂದರೆ ಮೂರು ಟನ್ನಿಗೂ ಮೇಲೆ ಮಣ್ಣು. ಅದು ಬರುವುದು ಹೊಲದಿಂದ, ಕೆರೆಯಿಂದ. ಸಾಲಕ್ಕೆ ಸಿಕ್ಕ ರೈತ ಹೊಲದ ಮೇಲ್ಮಣ್ಣನ್ನು ಅಡಿ ಲೆಕ್ಕದಲ್ಲಿ ಮಾರುತ್ತಾನೆ. ಬೆಳೆಯ ಸಾರವೆಲ್ಲ ಇರುವುದು ಆ ಮೇಲಿನ ಗೇಣುದ್ದದ ಮಣ್ಣಿನಲ್ಲೇ. ಟ್ರ್ಯಾಕ್ಟರು ಹತ್ತಿದ ಮಣ್ಣು ಮತ್ತೆ ಹೊಲಕ್ಕೆ ಇಳಿಯುವುದಿಲ್ಲ. ಅಂಥ ಮಣ್ಣು ಹುಟ್ಟೋಕೆ ನೂರಾರು ವರ್ಷ ಬೇಕು.

ನೂರು ಕಿಲೋ ಮಣ್ಣಿನಲ್ಲಿ ಹತ್ತು ಕಿಲೋ ತೆಗೆದು ಬೂದಿ ಹಾಕಿದರೆ ಸಾವಿರ ಇಟ್ಟಿಗೆಗೆ ಮೂರು ಕ್ವಿಂಟಾಲ್ ಮಣ್ಣು ಉಳಿಯಿತು. ಒಂದು ಲಾರಿ ಭತ್ತದ ಬೂದಿ ಒಂದು ಸಾವಿರಕ್ಕೂ ಹೆಚ್ಚು ಇಟ್ಟಿಗೆಗೆ ಆಯಿತು.

ಬೆರೆಸಿದರೆ ಏನಾಗುತ್ತೆ?

ಇದೇನು ಹೊಸ ವಿದ್ಯೆಯಲ್ಲ. ಕುಂಬಾರರು ಜಿಗುಟು ಮಣ್ಣಿಗೆ ಬೂದಿ, ಮರಳು, ಲದ್ದಿ ಬೆರೆಸುತ್ತಲೇ ಬಂದಿದ್ದಾರೆ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಬರೀ ಅದರಲ್ಲೇ ಅಚ್ಚು ಹಾಕಿದರೆ ಹಸಿ ಇಟ್ಟಿಗೆ ಅಂಗಳದಲ್ಲೇ ಸೀಳು ಬಿಡುತ್ತದೆ. ಬೂದಿ ಸೇರಿದರೆ ಜಿಗುಟು ಮುರಿಯುತ್ತದೆ, ಕುಗ್ಗುವುದು ಕಡಿಮೆ, ಬಿರುಕೂ ಕಡಿಮೆ. ಬೂದಿಯಲ್ಲಿ ಅರೆಬೆಂದು ಉಳಿದ ಕರಿ ಭಟ್ಟಿಯೊಳಗೆ ಮತ್ತೆ ಉರಿದು, ಇಟ್ಟಿಗೆಯನ್ನು ಒಳಗಿನಿಂದಲೂ ಬೇಯಿಸುತ್ತದೆ. ಅಷ್ಟರಮಟ್ಟಿಗೆ ಕಟ್ಟಿಗೆ ಉಳಿತಾಯ. ಇಟ್ಟಿಗೆ ಹಗುರವಾಗುತ್ತದೆ, ಬಿಸಿಲಿನ ಝಳವನ್ನೂ ಕೊಂಚ ತಡೆಯುತ್ತದೆ.

ಹಾಗಾದರೆ ಎಷ್ಟು ಹಾಕಿದರೆ ಅಷ್ಟು ಒಳ್ಳೆಯದೋ? ಅಲ್ಲೇ ಇರೋದು ಪೇಚು. ಕರಿ ಉರಿದುಹೋದ ಜಾಗದಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತವೆ. ತೂತು ಹೆಚ್ಚಾದರೆ ನೀರು ಹೀರುತ್ತದೆ, ಗಟ್ಟಿತನ ಇಳಿಯುತ್ತದೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕಂಡುಬಂದದ್ದು ಇಷ್ಟು: ತೂಕದಲ್ಲಿ ಶೇಕಡ 5ರಿಂದ 10 ಬೂದಿಗೆ ಇಟ್ಟಿಗೆ ತಡೆದುಕೊಳ್ಳುತ್ತದೆ. 15, 20 ದಾಟಿತೋ, ಸೊರಗಲು ಶುರು. ಅದೂ ಮಣ್ಣಿನಿಂದ ಮಣ್ಣಿಗೆ ಬೇರೆ. ಎರೆಗೆ ಸರಿಹೋದ ಪಾಕ ಮಸಾರಿಗೆ ಸರಿಹೋಗಲಾರದು. ತೂಕ ಬಿಟ್ಟು ಬುಟ್ಟಿ ಲೆಕ್ಕದಲ್ಲಿ ಹಾಕುವವರು, ಮಣ್ಣು ಉಳಿಯಿತೆಂದು ಕೈಗೆ ಬಂದಷ್ಟು ಸುರಿಯುವವರು ಕೊಡುವ ಇಟ್ಟಿಗೆಗೆ ಹೊಣೆ ಯಾರು?

ಸುಡದೇ ಮಾಡುವ ದಾರಿ

ಬೂದಿಗೆ ಇನ್ನೊಂದು ದಾರಿಯೂ ಉಂಟು. ಸುಣ್ಣದ ಜೊತೆ ಸೇರಿದರೆ ಅದು ಸಿಮೆಂಟಿನ ಹಾಗೆ ಹಿಡಿಯುತ್ತದೆ. ಅಮೆರಿಕೆಯ ಬರ್ಕ್ಲಿ ವಿಶ್ವವಿದ್ಯಾನಿಲಯದಲ್ಲಿದ್ದ ಭಾರತ ಮೂಲದ ಪ್ರೊ. ಪಿ. ಕುಮಾರ್ ಮೆಹ್ತಾ 1970ರ ದಶಕದಲ್ಲೇ ಇದನ್ನು ಮಾಡಿ ತೋರಿಸಿದರು. ಕಾನ್ಪುರದ ಐಐಟಿಯವರು ಹೊಟ್ಟಿನ ಬೂದಿ ಮತ್ತು ಸುಣ್ಣದಿಂದ ‘ಅಶ್ಮೋ’ ಎಂಬ ಗಾರೆಯ ಸಿಮೆಂಟು ಮಾಡಿದರು. ಈ ಪಾಕಕ್ಕೆ ಮಣ್ಣೋ ಮರಳೋ ಸೇರಿಸಿ ಯಂತ್ರದಲ್ಲಿ ಒತ್ತಿ, ನೀರುಣಿಸಿದರೆ ಇಟ್ಟಿಗೆ. ಭಟ್ಟಿ ಬೇಡ, ಹೊಗೆ ಇಲ್ಲ.

ಆದರೆ ಇದಕ್ಕೆ ಬೇಕಾದ್ದು ಹದವಾಗಿ ಬೆಂದ ಬೂದಿ. ಶಾಖ ಸುಮಾರು 700 ಡಿಗ್ರಿಯ ಒಳಗಿರಬೇಕು, ಬೂದಿ ಬೆಳ್ಳಗೆ ಬೂದುಬಣ್ಣಕ್ಕೆ ಬರಬೇಕು. ಅತಿ ಕಾದರೆ ಹರಳುಗಟ್ಟಿ ಸುಣ್ಣದ ಮಾತು ಕೇಳುವುದಿಲ್ಲ. ಅರೆಬೆಂದರೆ ಕರಿ ಉಳಿದು ನೀರು ಕುಡಿಯುತ್ತದೆ. ಹಬೆ ಎಷ್ಟು ಬಂತು ಎಂದು ನೋಡುವ ಬಾಯ್ಲರಿನವನಿಗೆ ಬೂದಿಯ ಹದ ಯಾಕೆ ಬೇಕು? ಬೂದಿಗೆ ಬೆಲೆ ಬಂದರೆ ತಾನೇ ನೋಡುತ್ತಾನೆ. ಕರಗಿದ ಉಕ್ಕಿನ ಶಾಖ ಆರದಂತೆ ಮೇಲೆ ಹೊದಿಸಲು ಉಕ್ಕಿನ ಕಾರ್ಖಾನೆಯವರು ಇದೇ ಬೂದಿ ಬಳಸುತ್ತಾರೆ. ಕಾರ್ಖಾನೆಗೆ ಸರಕಾದದ್ದು ಊರಿಗೆ ಕಸವಾಗಿ ಬಿದ್ದಿದೆ.

ಆ ಬೂದಿಗೆ ಆದೇಶ, ಈ ಬೂದಿಗೆ?

ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ಕರೆಂಟು ತೆಗೆಯುತ್ತಿದ್ದಾರೆ. ಅಂಥ ಸ್ಥಾವರಗಳ ಸುತ್ತ 50 ಕಿಲೋಮೀಟರಿನೊಳಗೆ ಇಟ್ಟಿಗೆ ಮಣ್ಣಿಗೆ ಕನಿಷ್ಠ ಶೇಕಡ 25 ಹಾರುಬೂದಿ ಸೇರಿಸಲೇಬೇಕೆಂದು ಕೇಂದ್ರ ಪರಿಸರ ಖಾತೆ 1999ರಲ್ಲಿ ಆದೇಶ ಹೊರಡಿಸಿತು. 2003ರಲ್ಲಿ 100 ಕಿಲೋಮೀಟರಿಗೆ ಏರಿಸಿತು. ಆಮೇಲೆ ತಿದ್ದುಪಡಿಗಳಾದವು, 2021ರ ಕೊನೆಯಲ್ಲಿ ಹೊಸ ಆದೇಶವೂ ಬಂತು. ಮೇಲ್ಮಣ್ಣು ಉಳಿಸಬೇಕೆನ್ನುವುದೇ ಮೊದಲಿನ ಆದೇಶದ ಉದ್ದೇಶವಾಗಿತ್ತು. ಆದರೆ ಇವೆಲ್ಲ ಕಲ್ಲಿದ್ದಲು, ಲಿಗ್ನೈಟ್ ಸುಡುವ ವಿದ್ಯುತ್ ಸ್ಥಾವರಗಳ ಬೂದಿಗೆ. ಭತ್ತದ ಹೊಟ್ಟಿನ ಬೂದಿ ಆ ಲೆಕ್ಕಕ್ಕೆ ಸೇರಿಲ್ಲ.

ಕೊಳ್ಳುವವರೇ, ನೀವೇ ನೋಡಿ

ಮನೆಗೋ ಮಳಿಗೆಗೋ ಇಟ್ಟಂಗಿ ತರಿಸುವವರು ಮೋಸಹೋಗಬೇಕಿಲ್ಲ. ಗೌಂಡಿಗಳು ಮಾಡುವ ಪರೀಕ್ಷೆಯನ್ನೇ ಮಾಡಿ. ಎರಡು ಇಟ್ಟಿಗೆ ತಾಕಿಸಿದರೆ ಕಣಕಣ ಅನ್ನಬೇಕು. ಉಗುರಲ್ಲಿ ಗೀರಿದರೆ ಗೆರೆ ಬೀಳಬಾರದು. ಸೊಂಟದೆತ್ತರದಿಂದ ಬಿಟ್ಟರೆ ಒಡೆಯಬಾರದು. ಒಂದನ್ನು ಮುರಿದು ನೋಡಿ, ನಡುವೆ ಕರ್ರಗಿದ್ದರೆ ಒಳಗೆ ಬೆಂದಿಲ್ಲ.

ಇನ್ನೊಂದು ಪರೀಕ್ಷೆಗೆ ಅಂಗಡಿಯ ತಕ್ಕಡಿಯೇ ಸಾಕು. ಚೆನ್ನಾಗಿ ಒಣಗಿದ ಇಟ್ಟಿಗೆ ತೂಗಿ, ಒಂದು ಹಗಲು ಒಂದು ರಾತ್ರಿ ನೀರಲ್ಲಿಟ್ಟು, ಒರೆಸಿ ಮತ್ತೆ ತೂಗಿ. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಇಟ್ಟಿಗೆ ತನ್ನ ತೂಕದ ಶೇಕಡ 20ಕ್ಕಿಂತ ಹೆಚ್ಚು ನೀರು ಹೀರಬಾರದು. ಮೂರು ಕಿಲೋ ಇದ್ದದ್ದು 3 ಕಿಲೋ 600 ಗ್ರಾಂ ದಾಟಿದರೆ ಆ ಲೋಡು ವಾಪಸ್ ಕಳಿಸಿ. ಕನಿಷ್ಠ ದರ್ಜೆಯ ಇಟ್ಟಿಗೆ ಕೂಡ ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋ ಭಾರ ತಾಳಬೇಕು. ಅದನ್ನು ಅಳೆಯಲು ಮಾತ್ರ ಯಂತ್ರ ಬೇಕು.

ಆ ಯಂತ್ರ ಸಿವಿಲ್ ಇಂಜಿನಿಯರಿಂಗ್ ಕಲಿಸುವ ಕಾಲೇಜುಗಳಲ್ಲಿ ಇರುತ್ತದೆ. ಮಣ್ಣು ಇಲ್ಲಿಯದೇ, ಬೂದಿ ಇಲ್ಲಿಯದೇ, ಪರೀಕ್ಷೆ ಮಾಡುವ ಹುಡುಗರೂ ಇಲ್ಲಿಯವರೇ. ಯಾವ ಊರಿನ ಮಣ್ಣಿಗೆ ಎಷ್ಟು ಬೂದಿ ಎನ್ನುವ ಒಂದು ಪಟ್ಟಿ ಮಾಡಿ ಭಟ್ಟಿಯವರ ಕೈಗೆ ಕೊಡಲು ಕೋಟಿ ರೂಪಾಯಿ ಯೋಜನೆ ಬೇಕಿಲ್ಲ. ಗಿರಣಿ ಮಾಲೀಕರು, ಭಟ್ಟಿಯವರು, ಜಿಲ್ಲಾಡಳಿತ ಒಂದು ದಿನ ಒಟ್ಟಿಗೆ ಕೂತರೆ ಸಾಕು.

ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ? ಇಲ್ಲ, ಬೂದಿ ತಮ್ಮ ಜೀಪಿನ ಗಾಜಿನ ಮೇಲೆ ಕೂರುವವರೆಗೂ ಕಾಯುವರೇ?